ಫುಟ್‌ಬಾಲ್ ಏಜೆಂಟ್ ಆಗಲು ಲೈಸೆನ್ಸ್ ಬೇಕೇ? ಮಂಡ್ಯದಲ್ಲಿದ್ದುಕೊಂಡೇ ಮಾಡಬಹುದೇ?

ಬಿ.ಕಾಂ. ಮುಗಿಸಿ ಮಂಡ್ಯದಲ್ಲಿದ್ದೀರಿ, ಫುಟ್‌ಬಾಲ್ ಏಜೆಂಟ್ ಆಗಲು ಯಾವುದೋ ಸಂಸ್ಥೆಯ ಸರ್ಟಿಫಿಕೇಟ್ ಕೋರ್ಸ್ ಸಾಕೇ ಎಂದು ಕೇಳಿದ್ದೀರಿ. ಜೊತೆಗೆ, ಊರಿನ ಇಬ್ಬರು ಹುಡುಗರ ಪರವಾಗಿ ಈಗಲೇ ಕ್ಲಬ್‌ಗಳ ಹತ್ತಿರ ಮಾತಾಡುತ್ತಿದ್ದು, ಲೈಸೆನ್ಸನ್ನು ಆಮೇಲೆ ಮಾಡಿಸಿಕೊಂಡರೆ ನಡೆಯುತ್ತದೆಯೇ ಎಂದೂ ಕೇಳಿದ್ದೀರಿ. ಕೊನೆಯದಕ್ಕೇ ಮೊದಲು ಉತ್ತರ ಹೇಳಿಬಿಡುತ್ತೇನೆ: ನಡೆಯುವುದಿಲ್ಲ. ಅರ್ಜಿ ಹಾಕುವ ಹಿಂದಿನ 24 ತಿಂಗಳಲ್ಲಿ ಲೈಸೆನ್ಸ್ ಇಲ್ಲದೆ ಏಜೆಂಟ್ ಕೆಲಸ ಮಾಡಿದ್ದು ಕಂಡುಬಂದರೆ ಅರ್ಜಿ ಹಾಕುವ ಅರ್ಹತೆಯೇ ಹೋಗುತ್ತದೆ. ನಾನಿನ್ನೂ ದುಡ್ಡು ತಗೊಂಡಿಲ್ಲವಲ್ಲ ಅನ್ನಬೇಡಿ. ಆಟಗಾರನ ಪರವಾಗಿ ಕರಾರಿನ ಮಾತುಕತೆಗೆ ಕೂತರೆ, ಅದಕ್ಕೆ ತಯಾರಿ ನಡೆಸಿದರೆ, ಅದೂ ಏಜೆಂಟ್ ಕೆಲಸವೇ. ಹಳೆಯ ನಿಯಮದಲ್ಲಿ ಅಪ್ಪ, ಅಣ್ಣ, ವಕೀಲರಿಗೆ ವಿನಾಯಿತಿ ಇತ್ತು. ಈಗ ಸಂಬಂಧ ಹೇಳಿಕೊಂಡು ಕೂರುವ ಹಾಗಿಲ್ಲ.

ನಾನು ಇದಕ್ಕೆ ಕೈಹಾಕಿದ್ದು ಒಂದು ಬಾಂಡ್ ಪೇಪರಿನಿಂದ. ಹಗಲು ಲೆಕ್ಕಪತ್ರದ ಕೆಲಸ, ಸಂಜೆ ಮೈಸೂರಿನ ಒಂದು ಸಣ್ಣ ಕ್ಲಬ್‌ನಲ್ಲಿ ಹುಡುಗರಿಗೆ ತರಬೇತಿ, ಹೀಗಿತ್ತು ನನ್ನ ದಿನಚರಿ. 2023ರ ಮಾರ್ಚ್ 4ರಂದು ರಿಯಾದ್‌ನಲ್ಲಿ ಮೇಘಾಲಯವನ್ನು 3-2ರಿಂದ ಸೋಲಿಸಿ ಕರ್ನಾಟಕ ರಾಜ್ಯ ತಂಡಗಳ ನಡುವಿನ ಸಂತೋಷ್ ಟ್ರೋಫಿ ಗೆದ್ದಿತಲ್ಲ, ಆಗ ನಮ್ಮ ಮೈದಾನದಲ್ಲಿ ಹಬ್ಬವೇ ಆಯಿತು. ಅದಕ್ಕೆ ಹಿಂದೆ ಗೆದ್ದದ್ದು 1968-69ರಲ್ಲಿ, ರಾಜ್ಯದ ಹೆಸರೇ ಇನ್ನೂ ಮೈಸೂರು ಅಂತಿದ್ದಾಗ. ಆ ವರ್ಷ ಹುಡುಗರೂ ಹೆಚ್ಚು ಬಂದರು, ‘ಟ್ರಯಲ್ಸ್ ಕೊಡಿಸ್ತೀವಿ’ ಅನ್ನುವವರೂ ಹೆಚ್ಚು ಬಂದರು. ಪಾಂಡವಪುರದ ಕಡೆಯಿಂದ ರೈಲಿನಲ್ಲಿ ಬಂದುಹೋಗುತ್ತಿದ್ದ ಹದಿನಾಲ್ಕು ವರ್ಷದ ಹುಡುಗನೊಬ್ಬನ ತಂದೆ ಒಂದು ಸಂಜೆ ನನ್ನ ಮುಂದೆ ಕಾಗದ ಹಿಡಿದರು. ‘ಸಾ, ಒಸಿ ಓದ್ಬುಟ್ಟು ಹೇಳಿ, ನಮ್ ಹೈದುಂಗೆ ಒಳ್ಳೇದಾ ಇದು?’ ಐದು ವರ್ಷದ ಕರಾರು. ಹುಡುಗನ ಗಳಿಕೆಯಲ್ಲಿ ಶೇಕಡಾ 20 ಏಜೆಂಟನಿಗೆ. ಕೆಳಗೆ ಹುಡುಗನ ಸಹಿ, ಇಂಗ್ಲಿಷಿನಲ್ಲಿ, ಶಾಲೆಯ ಗುಂಡು ಅಕ್ಷರದಲ್ಲಿ. ಕಬ್ಬಿನ ದುಡ್ಡು ಬಂದ ವಾರವೇ ನಲವತ್ತು ಸಾವಿರ ಕೊಟ್ಟಾಗಿತ್ತು.

ಅವತ್ತು ರಾತ್ರಿ, ಜಗತ್ತಿನ ಫುಟ್‌ಬಾಲ್ ನಡೆಸುವ ಸಂಸ್ಥೆಯಾದ ಫೀಫಾದ ನಿಯಮಾವಳಿ ತೆಗೆದು ಓದಲು ಕೂತೆ. ಆ ಕಾಗದದ ಒಂದೊಂದು ಸಾಲೂ ತಪ್ಪು. ಆಟಗಾರನ ಜೊತೆಗಿನ ಕರಾರು ಎರಡು ವರ್ಷಕ್ಕಿಂತ ಹೆಚ್ಚಿರುವಂತಿಲ್ಲ. ಸಹಿಗೆ ಮೊದಲು, ಬೇರೆ ವಕೀಲರನ್ನು ಕೇಳಿ ನೋಡಿ ಎಂದು ಏಜೆಂಟ್ ಬರಹದಲ್ಲಿ ತಿಳಿಸಬೇಕು. ಅಪ್ರಾಪ್ತನಾದರೆ, ಅವನು ಮೊದಲ ವೃತ್ತಿಪರ ಕರಾರಿಗೆ ಸಹಿ ಹಾಕಬಹುದಾದ ವಯಸ್ಸಿಗೆ ಆರು ತಿಂಗಳು ಉಳಿದಿರುವಾಗ ಮಾತ್ರ ಹತ್ತಿರ ಹೋಗಬಹುದು. ಅದೂ ಪೋಷಕರ ಲಿಖಿತ ಒಪ್ಪಿಗೆ ಪಡೆದು, ಅಪ್ರಾಪ್ತರ ಬಗ್ಗೆಯೇ ಇರುವ ಪ್ರತ್ಯೇಕ ಕೋರ್ಸ್ ಮುಗಿಸಿದ ಏಜೆಂಟ್ ಮಾತ್ರ. ಇನ್ನು ನಮ್ಮ 1872ರ ಕರಾರು ಕಾಯ್ದೆ ಪ್ರಕಾರ, 18 ತುಂಬದವನು ಹಾಕಿದ ಸಹಿಗೆ ಕೋರ್ಟಿನಲ್ಲಿ ಬೆಲೆಯೇ ಇಲ್ಲ. ಆ ತಂದೆಗೆ ಕಾಗದದ ಭಯ ಬಿಡಿಸಿದೆ. ದುಡ್ಡು ಮಾತ್ರ ವಾಪಸ್ ಬರಲಿಲ್ಲ, ಆ ಮನುಷ್ಯ ಫೋನ್ ಎತ್ತುವುದನ್ನೇ ಬಿಟ್ಟ. ಇವತ್ತಿಗೂ ಆ ನಲವತ್ತು ಸಾವಿರ ನೆನೆದರೆ ಹೊಟ್ಟೆ ಉರಿಯುತ್ತದೆ.

ಈಗ ನಿಮ್ಮ ಕೋರ್ಸಿನ ವಿಷಯ. ಯಾವ ಖಾಸಗಿ ಸರ್ಟಿಫಿಕೇಟೂ ಬೇಕಿಲ್ಲ, ಯಾವುದೂ ಲೈಸೆನ್ಸಿಗೆ ಸಮನಲ್ಲ. ಲೈಸೆನ್ಸ್ ಕೊಡುವುದು ಫೀಫಾ ಒಂದೇ, ಅದನ್ನು ಪಡೆಯುವುದು ವ್ಯಕ್ತಿಯೇ ಹೊರತು ಕಂಪನಿಯಲ್ಲ. 2015ರಲ್ಲಿ ಫೀಫಾ ಲೈಸೆನ್ಸ್ ಪದ್ಧತಿಯನ್ನೇ ಕೈಬಿಟ್ಟು ‘ಮಧ್ಯವರ್ತಿ’ ಎಂದು ಹೆಸರು ನೋಂದಾಯಿಸಿದರೆ ಸಾಕು ಎಂದಿತ್ತು. ಆಗಿನ ಅಭ್ಯಾಸ ನಮ್ಮ ಕಡೆ ಇನ್ನೂ ಹೋಗಿಲ್ಲ. ಹೊಸ ನಿಯಮಕ್ಕೆ 2022ರ ಡಿಸೆಂಬರ್‌ನಲ್ಲಿ ಒಪ್ಪಿಗೆ ಸಿಕ್ಕಿ, 2023ರ ಅಕ್ಟೋಬರ್ 1ರಿಂದ ಲೈಸೆನ್ಸ್ ಕಡ್ಡಾಯವಾಯಿತು.

ಅರ್ಜಿ ಫೀಫಾದ ಏಜೆಂಟ್ ಪ್ಲಾಟ್‌ಫಾರ್ಮ್‌ನಲ್ಲಿ ಹಾಕಬೇಕು. ವಂಚನೆ, ಲಂಚ, ತೆರಿಗೆಗಳ್ಳತನ, ಪಂದ್ಯ ಫಿಕ್ಸಿಂಗ್, ಲೈಂಗಿಕ ದೌರ್ಜನ್ಯದಂಥ ಪ್ರಕರಣಗಳಲ್ಲಿ ಶಿಕ್ಷೆ ಆಗಿರಬಾರದು, ಐದು ವರ್ಷದೊಳಗೆ ದಿವಾಳಿ ಆಗಿರಬಾರದು, ಬೆಟ್ಟಿಂಗ್ ಸಂಸ್ಥೆಯಲ್ಲಿ ಹಿಂದಿನ 12 ತಿಂಗಳು ಪಾಲು ಇರಬಾರದು. ಇವು ನಿಮಗೆ ತೊಡಕಾಗಲಾರವು. ನನಗೆ ಕಷ್ಟವಾದದ್ದು ಇನ್ನೊಂದು: ಕ್ಲಬ್, ಲೀಗ್ ಅಥವಾ ಫುಟ್‌ಬಾಲ್ ಸಂಸ್ಥೆಯ ಪದಾಧಿಕಾರಿ, ನೌಕರ ಯಾರೂ ಏಜೆಂಟ್ ಆಗುವಂತಿಲ್ಲ, ಅಕಾಡೆಮಿಯಲ್ಲಿ ಪಾಲೂ ಇರಕೂಡದು. ಎಂಟು ವರ್ಷ ಆಡಿಸಿದ ಹುಡುಗರನ್ನು ಬಿಟ್ಟು ಕೋಚ್ ಕೆಲಸಕ್ಕೆ ರಾಜೀನಾಮೆ ಕೊಟ್ಟ ಮೇಲೇ ಅರ್ಜಿ ಹಾಕಿದೆ. ನೀವು ಜಿಲ್ಲಾ ಮಟ್ಟದ ಯಾವುದಾದರೂ ಕ್ಲಬ್‌ನಲ್ಲಿ ಕಾರ್ಯದರ್ಶಿಯೋ ಸಹಾಯಕ ಕೋಚೋ ಆಗಿದ್ದರೆ ಈಗಲೇ ಯೋಚಿಸಿ. ನಿಯಮ ಸರಿಯಾಗಿಯೇ ಇದೆ. ಹುಡುಗನನ್ನು ಆಡಿಸುವವನೂ ಮಾರುವವನೂ ಒಬ್ಬನೇ ಆದರೆ ಬೆಂಚಿನಲ್ಲಿ ಕೂತವನ ಪರವಾಗಿ ಕೇಳುವವರು ಯಾರು?

ಪರೀಕ್ಷೆಯಲ್ಲಿ 20 ಪ್ರಶ್ನೆ, 60 ನಿಮಿಷ, ಆಯ್ಕೆಯ ಉತ್ತರಗಳು. ಶೇಕಡಾ 75, ಅಂದರೆ 15 ಸರಿಯಿರಬೇಕು. ಭಾಷೆ ಇಂಗ್ಲಿಷ್, ಫ್ರೆಂಚ್ ಅಥವಾ ಸ್ಪ್ಯಾನಿಷ್. ಮೊದಲು ನಿಗದಿಯಾದ ಕೇಂದ್ರಕ್ಕೆ ಹೋಗಿ ಬರೆಯಬೇಕಿತ್ತು, 2025ರಿಂದ ಆನ್‌ಲೈನ್ ಆಗಿದೆ. ಓದುವ ಸಾಮಗ್ರಿಯನ್ನು ಫೀಫಾ ಉಚಿತವಾಗಿ ಕೊಡುತ್ತದೆ, ಪುಸ್ತಕ ತೆರೆದಿಟ್ಟುಕೊಂಡೇ ಬರೆಯಬಹುದು. ಹಾಗೆಂದು ಹಗುರವಾಗಿ ತೆಗೆದುಕೊಳ್ಳಬೇಡಿ. 2023ರ ಏಪ್ರಿಲ್ 19ರ ಮೊದಲ ಪರೀಕ್ಷೆಯಲ್ಲೇ ಬರೆದವರ ಪೈಕಿ ಹೆಚ್ಚುಕಡಿಮೆ ಅರ್ಧದಷ್ಟು ಜನ ಮಾತ್ರ ಪಾಸಾದರು. ನಾನು 2024ರಲ್ಲಿ ಮೊದಲ ಸಲ ನಪಾಸಾಗಿ, ಅದೇ ವರ್ಷ ಎರಡನೇ ಸಲಕ್ಕೆ ಗೆದ್ದೆ. ಒಂದು ಪ್ರಶ್ನೆಗೆ ಮೂರೇ ನಿಮಿಷ. ಹುಡುಕುತ್ತ ಕೂತರೆ ಸಮಯ ಮುಗಿದುಹೋಗುತ್ತದೆ. ಆಟಗಾರರ ವರ್ಗಾವಣೆ ನಿಯಮಾವಳಿಯನ್ನೂ ಏಜೆಂಟ್ ನಿಯಮಾವಳಿಯನ್ನೂ ಎರಡೆರಡು ಸಲ ಓದಿ, ಯಾವ ವಿಧಿ ಎಲ್ಲಿದೆ ಎಂದು ಕೈಬರಹದ ಸೂಚಿ ಮಾಡಿಟ್ಟುಕೊಳ್ಳಿ. ಲೆಕ್ಕದ ಪ್ರಶ್ನೆಗಳು ಬಿ.ಕಾಂ. ಓದಿದ ನಿಮಗೆ ಸಲೀಸು. ಉದಾಹರಣೆಗೆ, ಕರಾರು ಮುಗಿಯುವ ಮುನ್ನ ಹೊರದೇಶದ ಕ್ಲಬ್ ಹಳೆಯ ಕ್ಲಬ್‌ಗೆ ಹಣ ಕೊಟ್ಟು ಆಟಗಾರನನ್ನು ಸೇರಿಸಿಕೊಂಡರೆ ಆ ಮೊತ್ತದ ಶೇಕಡಾ 5 ಅವನನ್ನು ಬೆಳೆಸಿದ ಕ್ಲಬ್‌ಗಳಿಗೆ ಹಂಚಿಕೆಯಾಗುತ್ತದೆ. ಅವನ 12ರಿಂದ 15ನೇ ವಯಸ್ಸಿನವರೆಗೆ ವರ್ಷಕ್ಕೆ ಶೇಕಡಾ 0.25ರಂತೆ, 16ರಿಂದ 23ರವರೆಗೆ ಶೇಕಡಾ 0.5ರಂತೆ.

ಪಾಸಾದ ಮೇಲೆ 90 ದಿನದೊಳಗೆ 600 ಡಾಲರ್ ಕಟ್ಟಬೇಕು, ಮುಂದೆ ಪ್ರತಿವರ್ಷವೂ. ನಮ್ಮ ಲೆಕ್ಕದಲ್ಲಿ ಐವತ್ತು ಸಾವಿರ ರೂಪಾಯಿ ದಾಟುತ್ತದೆ. ವರ್ಷಕ್ಕೆ 20 ಕ್ರೆಡಿಟ್‌ನಷ್ಟು ಆನ್‌ಲೈನ್ ತರಬೇತಿಯನ್ನೂ ಮುಗಿಸಬೇಕು, ಇಲ್ಲದಿದ್ದರೆ ಲೈಸೆನ್ಸ್ ಅಮಾನತಾಗುತ್ತದೆ. ಸಂಪಾದನೆಯನ್ನೂ ಎದುರಿಗಿಟ್ಟು ನೋಡಿ. ವರ್ಷಕ್ಕೆ 2 ಲಕ್ಷ ಡಾಲರ್‌ವರೆಗಿನ ಸಂಬಳಕ್ಕೆ ಆಟಗಾರನಿಂದ ಶೇಕಡಾ 5 ಎಂದು ಫೀಫಾ ಮಿತಿ ಹಾಕಿತ್ತು. ಯುರೋಪಿನ ಕೋರ್ಟ್‌ಗಳಲ್ಲಿ ದಾವೆ ಎದ್ದು, 2023ರ ಡಿಸೆಂಬರ್ 30ರಂದು ಫೀಫಾವೇ ಆ ಮಿತಿಯನ್ನು ತಡೆಹಿಡಿಯಿತು. ಲೈಸೆನ್ಸ್ ಕಡ್ಡಾಯ ಮಾತ್ರ ಹಾಗೇ ಉಳಿಯಿತು. ಮಿತಿ ಇರಲಿ ಬಿಡಲಿ, ನಾನು ಐದಕ್ಕಿಂತ ಹೆಚ್ಚು ಕೇಳುವುದಿಲ್ಲ. ಮೂರು ಲಕ್ಷದ ಕರಾರು ಸಿಕ್ಕ ಹುಡುಗನಿಂದ ಬರುವುದು ಹದಿನೈದು ಸಾವಿರ. ಲೈಸೆನ್ಸ್ ಶುಲ್ಕ ಹುಟ್ಟಲು ಅಂಥವರು ನಾಲ್ವರು ಬೇಕು. ಇನ್ನೊಂದು ಕೆಲಸ ಕೈಯಲ್ಲಿರಲಿ, ಅದನ್ನು ಬಿಟ್ಟು ಇದಕ್ಕೆ ಇಳಿಯಬೇಡಿ. ಮಂಡ್ಯದಲ್ಲಿದ್ದುಕೊಂಡೇ ಅರ್ಜಿ, ಪರೀಕ್ಷೆ, ತರಬೇತಿ ಎಲ್ಲವೂ ಆಗುತ್ತದೆ. ಆಟ ನೋಡಲು, ಕ್ಲಬ್‌ನವರನ್ನು ಕಾಣಲು ಬೆಂಗಳೂರಿಗೆ ಓಡಾಡುವುದು ತಪ್ಪಿದ್ದಲ್ಲ.

ಆ ಇಬ್ಬರು ಹುಡುಗರ ಕೈಯನ್ನು ಅಲ್ಲಿಯವರೆಗೆ ಬಿಡಬೇಕಿಲ್ಲ. ಜನನ ಪ್ರಮಾಣಪತ್ರ, ಆಧಾರ್, ಶಾಲೆಯ ದಾಖಲೆ ಮೂರರಲ್ಲೂ ಹುಟ್ಟಿದ ತಾರೀಖು ಒಂದೇ ಇದೆಯೇ ನೋಡಿ. ಅವರು ಆಡುವ ಕ್ಲಬ್ ಅವರನ್ನು ಅಖಿಲ ಭಾರತ ಫುಟ್‌ಬಾಲ್ ಫೆಡರೇಷನ್ನಿನ ನೋಂದಣಿ ವ್ಯವಸ್ಥೆಯಲ್ಲಿ ಸೇರಿಸಿದೆಯೇ ಕೇಳಿ. ನಾಳೆ ಮೇಲೆ ಹೇಳಿದ ಆ ಕಾಲು ಪರ್ಸೆಂಟ್ ಊರಿನ ಕ್ಲಬ್‌ಗೆ ಬರಬೇಕಾದರೂ ಆ ದಾಖಲೆಯೇ ಆಧಾರ. ಟ್ರಯಲ್ಸ್ ಎಂದು ಯಾರಾದರೂ ಹಣ ಕೇಳಿದರೆ, ಫೀಫಾ ಜಾಲತಾಣದ ಏಜೆಂಟರ ಪಟ್ಟಿಯಲ್ಲಿ ಆ ಹೆಸರು ಇದೆಯೇ ಎಂದು ಹುಡುಗರ ಅಪ್ಪ ಅಮ್ಮನ ಎದುರಿಗೇ ಫೋನಿನಲ್ಲಿ ಹುಡುಕಿ ತೋರಿಸಿ. ಪಟ್ಟಿಯಲ್ಲಿ ಹೆಸರು ಇದ್ದರೂ ಮುಂಗಡ ಕೊಡಬೇಡಿ ಅನ್ನಿ.