ರಗ್ಬಿಯಲ್ಲಿ ಆರು ಪಂದ್ಯದ ಬ್ಯಾನ್ ಎರಡಕ್ಕೆ ಇಳಿಯುವುದು ಹೇಗೆ? ಇದು ಬರೀ ಕಣ್ಣೊರೆಸುವ ತಂತ್ರ ಅಲ್ವಾ?

ಪೂರ್ತಿ ಕಣ್ಣೊರೆಸುವ ತಂತ್ರ ಅಲ್ಲ. ಆದರೆ ನಿಮ್ಮ ಅನುಮಾನವೂ ಸುಮ್ನೆ ಬಂದದ್ದಲ್ಲ. ನೀವು ಕೇಳಿದ್ದು ಶಿಕ್ಷೆ ಇಳಿಯುವ ಬಗ್ಗೆ. ನನಗೆ ಅದಕ್ಕಿಂತ ಜಾಸ್ತಿ ಸಿಟ್ಟು ಬರುವುದು ಇನ್ನೊಂದು ಕಡೆ, ಅಲ್ಲಿಗೆ ಆಮೇಲೆ ಬರುತ್ತೇನೆ.

ನಾನು ಶಿವಮೊಗ್ಗದವನು, ದೈಹಿಕ ಶಿಕ್ಷಕ. ತೀರ್ಥಹಳ್ಳಿ, ಹೊಸನಗರ ಕಡೆ ಹೊನಲು ಬೆಳಕಿನ ಕಬಡ್ಡಿಗೆ ತೀರ್ಪುಗಾರನಾಗಿ ಹೋಗುತ್ತೇನೆ. ರಗ್ಬಿ ಆಡಿದವನಲ್ಲ, ನೋಡುವವನು. 2025ರ ಜೂನ್‌ನಲ್ಲಿ ಮುಂಬೈನಲ್ಲಿ ರಗ್ಬಿ ಪ್ರೀಮಿಯರ್ ಲೀಗ್ ನಡೆಯಿತಲ್ಲ, ಅದರಲ್ಲಿ ಬೆಂಗಳೂರಿನ ಹೆಸರಿನ ಒಂದು ತಂಡವೂ ಇತ್ತು. ಹೊರಗೆ ಕಾಲಿಡಲು ಬಿಡದ ಮಳೆ, ಹುಡುಗರು ಅದನ್ನೇ ಕೂತು ನೋಡಿದರು. ಆಮೇಲೆ ನಿಮ್ಮಂಥ ಪ್ರಶ್ನೆ ನನಗೂ ಬರತೊಡಗಿದವು.

ಮೊದಲು ಲೆಕ್ಕ ನೋಡಿ. ವರ್ಲ್ಡ್ ರಗ್ಬಿ ಸಂಸ್ಥೆಯ ಹತ್ತಿರ ಒಂದು ಪಟ್ಟಿ ಇದೆ. ಪ್ರತಿ ತಪ್ಪಿಗೂ ಕೆಳಗಿನದು, ಮಧ್ಯದ್ದು, ಮೇಲಿನದು ಅಂತ ಮೂರು ಹಂತ. ಅಪಾಯಕಾರಿ ಟ್ಯಾಕಲ್‌ಗೆ, ಅಂದರೆ ಚೆಂಡು ಹಿಡಿದವನನ್ನು ತಡೆದು ಕೆಡವುವಾಗಿನ ತಪ್ಪಿಗೆ, ಕೆಳಗಿನ ಹಂತ 2 ವಾರ, ಮಧ್ಯದ್ದು 6, ಮೇಲಿನದು 10 ಅಥವಾ ಅದಕ್ಕಿಂತ ಜಾಸ್ತಿ. ಒಂದು ವಾರ ಅಂದರೆ ಹೆಚ್ಚು ಕಡಿಮೆ ಒಂದು ಪಂದ್ಯ ಅಂತ ಲೆಕ್ಕ. ಎತ್ತರಕ್ಕೆ ಹಿಡಿಯಲು ಹೋಗಿ ಎದುರಾಳಿಯ ತಲೆಗೆ ಪೆಟ್ಟು ಕೊಟ್ಟರೆ 6ಕ್ಕಿಂತ ಕೆಳಗಿನಿಂದ ಶುರು ಮಾಡುವ ಹಾಗೇ ಇಲ್ಲ. ಬೇಕಂತಲೇ ಕಣ್ಣಿಗೆ ಬೆರಳು ಹಾಕಿದರೆ 12 ವಾರದಿಂದ ಶುರು, 208 ವಾರದವರೆಗೂ ಹೋಗಬಹುದು. ಅಂದರೆ ನಾಲ್ಕು ವರ್ಷ!

ಈ ಸಂಖ್ಯೆ ಬರೀ ಆರಂಭ. ಆಟಗಾರ ತಪ್ಪು ಒಪ್ಪಿಕೊಂಡನಾ, ಹಿಂದೆ ಇಂಥದ್ದು ಮಾಡಿದ್ದನಾ, ವಿಚಾರಣೆಯಲ್ಲಿ ಹೇಗೆ ನಡೆದುಕೊಂಡ, ಇದನ್ನೆಲ್ಲ ನೋಡಿ ಸಾಮಾನ್ಯವಾಗಿ ಅರ್ಧದವರೆಗೆ ಕಡಿಮೆ ಮಾಡಬಹುದು. ಹಾಗಾಗಿ 6 ಇದ್ದದ್ದು 3 ಆಗುತ್ತದೆ. ಉಳಿದ ಇನ್ನೊಂದು ಪಂದ್ಯ ಹೋಗುವುದು 'ಟ್ಯಾಕಲ್ ಶಾಲೆ' ಅಂತ ಜನ ಕರೆಯುವ ತರಬೇತಿಯಿಂದ. ತನ್ನ ಕೋಚ್ ಜೊತೆ ಕೂತು, ಎಲ್ಲಿ ತಪ್ಪಿತು ಅಂತ ನೋಡಿ, ಹಿಡಿಯುವ ರೀತಿ ತಿದ್ದಿಕೊಂಡರೆ ಕೊನೆಯ ಒಂದು ಪಂದ್ಯ ಮಾಫಿ. 2023ರ ವಿಶ್ವಕಪ್‌ನಲ್ಲಿ ಇಂಗ್ಲೆಂಡ್‌ನ ಟಾಮ್ ಕರಿಗೆ ಆದದ್ದು ಇದೇ. ಅರ್ಜೆಂಟೀನಾ ವಿರುದ್ಧ ಆಟ ಶುರುವಾಗಿ ಮೂರೇ ನಿಮಿಷಕ್ಕೆ ಅವನ ತಲೆ ಎದುರಾಳಿಯ ತಲೆಗೆ ಬಡಿಯಿತು. ಆರು, ಮೂರು, ಕೊನೆಗೆ ಎರಡು.

ನನಗೆ ಈ ಶಾಲೆ ಇಷ್ಟ. ನಮ್ಮ ಕಬಡ್ಡಿಯಲ್ಲಿ ಕ್ಯಾಚರ್ ಒಬ್ಬ ಕಾಲಲ್ಲಿ ಕತ್ತರಿ ಹಾಕಿ ರೈಡರ್‌ನ ಕೆಡವಿದರೆ ನಾನು ಕಾರ್ಡ್ ತೋರಿಸಿ ಹೊರಗೆ ಕಳಿಸಬಹುದು, ಅಷ್ಟೇ. ಮುಂದಿನ ವಾರ ಸಾಗರದಲ್ಲೋ ಸೊರಬದಲ್ಲೋ ಅವನು ಅದೇ ಕತ್ತರಿ ಹಾಕುತ್ತಾನೆ. ಯಾಕೆಂದರೆ ಅವನಿಗೆ ಬರುವುದೇ ಅದು. ಹೊರಗೆ ಕೂರಿಸಿದ ಮಾತ್ರಕ್ಕೆ ಕೈಕಾಲಿನ ಅಭ್ಯಾಸ ಬದಲಾಗುವುದಿಲ್ಲ.

ತಲೆಯ ವಿಷಯದಲ್ಲಿ ರಗ್ಬಿಯವರು ಇಷ್ಟು ಬಿಗಿ ಆಗಿದ್ದಕ್ಕೆ ಕಾರಣ ಇದೆ. 2003ರಲ್ಲಿ ವಿಶ್ವಕಪ್ ಗೆದ್ದ ಇಂಗ್ಲೆಂಡ್ ತಂಡದ ಸ್ಟೀವ್ ಥಾಂಪ್ಸನ್‌ಗೆ ನಲವತ್ತರ ಆಸುಪಾಸಿನಲ್ಲೇ ಮರೆವಿನ ಕಾಯಿಲೆ. ಆ ಕಪ್ ಗೆದ್ದದ್ದೇ ನೆನಪಿಲ್ಲ ಅಂತ ಅವರು 2020ರಲ್ಲಿ ಹೇಳಿದರು. ಅವರೂ ಇನ್ನೂ ಹಲವು ಹಳೆಯ ಆಟಗಾರರೂ ಕೋರ್ಟಿಗೆ ಹೋಗಿದ್ದಾರೆ. ಅದಕ್ಕೇ ಈಗ 'ಬೇಕಂತ ಮಾಡಿದ್ದಲ್ಲ' ಅನ್ನುವ ಮಾತು ಹೆಚ್ಚು ನಡೆಯುವುದಿಲ್ಲ.

ಈಗ ನನ್ನ ತಕರಾರು. ಶಿಕ್ಷೆ ಎಷ್ಟು ಪಂದ್ಯ ಅನ್ನುವುದಕ್ಕಿಂತ ಯಾವ ಪಂದ್ಯ ಅನ್ನುವುದು ದೊಡ್ಡದು. 2023ರ ಆಗಸ್ಟ್‌ನಲ್ಲಿ ಇಂಗ್ಲೆಂಡ್ ನಾಯಕ ಓವನ್ ಫಾರೆಲ್ ವೇಲ್ಸ್ ಆಟಗಾರನ ತಲೆಗೆ ಭುಜ ಹೊಡೆದ. ಮೊದಲು ಹಳದಿ ಕಾರ್ಡ್, ವಿಡಿಯೋ ನೋಡಿ ಕೆಂಪು. ಆಮೇಲೆ ಮೂವರ ಸಮಿತಿ ಆ ಕೆಂಪು ಕಾರ್ಡನ್ನೇ ರದ್ದು ಮಾಡಿತು! ಎಲ್ಲರೂ ಬಾಯಿ ಬಡಿದುಕೊಂಡ ಮೇಲೆ ವರ್ಲ್ಡ್ ರಗ್ಬಿಯೇ ಮೇಲ್ಮನವಿ ಹಾಕಿತು, ಕೊನೆಗೆ 4 ಪಂದ್ಯ ಬಿತ್ತು. ಟ್ಯಾಕಲ್ ಶಾಲೆಯ ರಿಯಾಯಿತಿ ಸಿಗಲಿಲ್ಲ, ಏಕೆಂದರೆ ಅದೇ ವರ್ಷ ಜನವರಿಯ ಇನ್ನೊಂದು ತಪ್ಪಿಗೆ ಅದನ್ನು ಬಳಸಿಯಾಗಿತ್ತು. ಇಲ್ಲಿಯವರೆಗೆ ಸರಿ. ಆದರೆ ಆ ನಾಲ್ಕರಲ್ಲಿ ಎರಡು ವಿಶ್ವಕಪ್‌ಗೆ ಮುಂಚಿನ ತಯಾರಿ ಪಂದ್ಯ. ಅದರಲ್ಲೂ ಒಂದು, ಮೇಲ್ಮನವಿಯ ತೀರ್ಪು ಬರುವ ಮೊದಲೇ ಮುಗಿದಿತ್ತು. ವಿಶ್ವಕಪ್‌ನಲ್ಲಿ ಅವನು ಕಳೆದುಕೊಂಡದ್ದು ಎರಡೇ ಪಂದ್ಯ. ಕರಿ ಕಳೆದುಕೊಂಡದ್ದೂ ಎರಡೇ, ಜಪಾನ್ ಮತ್ತು ಚಿಲಿ. ಹಳೆಯ ತಪ್ಪುಗಳ ಪಟ್ಟಿ ಇದ್ದವನಿಗೂ ಇಲ್ಲದವನಿಗೂ ವಿಶ್ವಕಪ್‌ನಲ್ಲಿ ಒಂದೇ ಲೆಕ್ಕ. ಇದು ಯಾವ ನ್ಯಾಯ ಹೇಳಿ?

ಇನ್ನೊಂದು, ಯಾರಿಗೆ ಕಾರ್ಡ್ ಬೀಳುತ್ತದೆ ಅನ್ನುವುದು. ಕರಿಯ ಘಟನೆಯ ಮಾರನೇ ದಿನ ದಕ್ಷಿಣ ಆಫ್ರಿಕಾದ ಜೆಸ್ಸಿ ಕ್ರೀಲ್ ಸ್ಕಾಟ್ಲೆಂಡ್ ಆಟಗಾರನಿಗೆ ಹೆಚ್ಚು ಕಡಿಮೆ ಹಾಗೇ ತಲೆ ಬಡಿಸಿದ. ಕಾರ್ಡ್ ಇಲ್ಲ. ಪಂದ್ಯ ಮುಗಿದ ಮೇಲೆ ವಿಡಿಯೋ ನೋಡಿ ದೂರು ಹಾಕಲೆಂದೇ ಒಬ್ಬ ಅಧಿಕಾರಿ ಇರುತ್ತಾರೆ, ಅವರೂ ದೂರು ಹಾಕಲಿಲ್ಲ. ಶಿಕ್ಷೆಯ ಪಟ್ಟಿ ಎಷ್ಟು ಚೆನ್ನಾಗಿದ್ದರೇನು, ಪ್ರಕರಣ ಅಲ್ಲಿಗೆ ಬಂದರೆ ತಾನೇ?

ನಿಮ್ಮ ಪ್ರಶ್ನೆಗೆ ಹೊಂದುವ ಇನ್ನೊಂದು ಬೆಳವಣಿಗೆ ಹೇಳಿಬಿಡುತ್ತೇನೆ. ಯುರೋಪಿನ ಆರು ದೇಶಗಳು ಆಡುವ ಸಿಕ್ಸ್ ನೇಷನ್ಸ್ ಟೂರ್ನಿಯಲ್ಲಿ 2025ರಲ್ಲಿ 20 ನಿಮಿಷದ ಕೆಂಪು ಕಾರ್ಡ್ ತಂದರು. ಆಟಗಾರ ಹೊರಗೇ, ಆದರೆ 20 ನಿಮಿಷ ಕಳೆದ ಮೇಲೆ ಅವನ ಜಾಗಕ್ಕೆ ಬೇರೆಯವನು ಇಳಿಯಬಹುದು. ಬೇಕಂತಲೇ ಮಾಡಿದ ಕೆಟ್ಟ ತಪ್ಪಿಗೆ ಮಾತ್ರ ಹಳೆಯ ಹಾಗೆ ಪೂರ್ತಿ ಕೆಂಪು, ತಂಡ ಕೊನೆಯವರೆಗೂ ಒಬ್ಬ ಕಡಿಮೆಯಲ್ಲೇ ಆಡಬೇಕು. ಅಂದರೆ ಅಂಕಣದಲ್ಲಿ ತಂಡಕ್ಕೆ ಬೀಳುವ ಪೆಟ್ಟು ಹಗುರ ಆಯಿತು. ಹಾಗಿದ್ದ ಮೇಲೆ ಆಟಗಾರನ ಬ್ಯಾನ್ ಆದರೂ ಗಟ್ಟಿ ಇರಬೇಕು. ಅರ್ಧ ಕಡಿತ ಇರಲಿ, ಶಾಲೆಯೂ ಇರಲಿ. ತಯಾರಿ ಪಂದ್ಯಗಳನ್ನು ಮಾತ್ರ ಲೆಕ್ಕದಿಂದ ತೆಗೆಯಲಿ.