ನಾನ್‌ಡೀಟೇಲ್‌ನಲ್ಲಿ ಬಿಟ್ಟುಹೋದ ಬೇಕರಿ

ಓದುಗರ ಪತ್ರ: ಡಿಸೆಂಬರ್ ಸಂಚಿಕೆಯಲ್ಲಿ ಡಿಕನ್ಸ್‌ನ ‘ಎ ಕ್ರಿಸ್‌ಮಸ್ ಕ್ಯಾರಲ್’ ಬಗ್ಗೆ ನಾಲ್ಕು ಪುಟ ಬೇಕಿತ್ತೇ? ಜಿಪುಣನೊಬ್ಬನಿಗೆ ರಾತ್ರಿ ದೆವ್ವಗಳು ಕಾಣಿಸುತ್ತವೆ, ಬೆಳಗಾಗುವಷ್ಟರಲ್ಲಿ ಒಳ್ಳೆಯವನಾಗುತ್ತಾನೆ. ಶಾಲೆಯ ನಾನ್‌ಡೀಟೇಲ್‌ನಲ್ಲಿ, ಅಂದರೆ ಇಂಗ್ಲಿಷ್ ಪಠ್ಯದ ಜೊತೆಗಿನ ಸಂಕ್ಷಿಪ್ತ ಕಥಾಪುಸ್ತಕದಲ್ಲಿ, ವರ್ಷಗಟ್ಟಲೆ ಪಾಠ ಮಾಡಿದ್ದೇನೆ. ಮಕ್ಕಳ ಕಥೆಗೆ ಇಷ್ಟೊಂದು ಹೊಗಳಿಕೆ ಯಾಕೆ?
– ನಿವೃತ್ತ ಶಿಕ್ಷಕರು, ತಿಪಟೂರು

ಉತ್ತರ: ಮೇಷ್ಟ್ರೇ, ಸ್ವಲ್ಪ ಒಪ್ಪುತ್ತೇನೆ. ಡಿಕನ್ಸ್ ಕಣ್ಣೀರು ಜಾಸ್ತಿನೇ ಹಾಕಿಸುತ್ತಾನೆ. ಊರುಗೋಲಿನ ಟೈನಿ ಟಿಮ್ ಬಂದ ಅಂದರೆ ಕರ್ಚೀಫ್ ತೆಗೀರಿ ಅಂತಲೇ ಅರ್ಥ. ಆಗ ಪುಸ್ತಕದ ಬೆಲೆ ಐದು ಶಿಲಿಂಗ್. ಕಥೆಯ ಗುಮಾಸ್ತ ಬಾಬ್ ಕ್ರ್ಯಾಚಿಟ್‌ನ ವಾರದ ಸಂಬಳವೇ 15 ಶಿಲಿಂಗ್. ಬಡವರ ಕಥೆ ಬಡವರ ಕೈಗೆ ಎಟಕುವಂತಿರಲಿಲ್ಲ. ಇಷ್ಟು ನಿಮ್ಮ ಪಾಲಿಗೆ.

ಆದರೆ ನೀವು ಪಾಠ ಮಾಡಿದ್ದು ಆ ಕಥೆಯ ಎಲುಬುಗೂಡನ್ನು. ನನ್ನ ಜಗಳ ನಿಮ್ಮ ಜೊತೆ ಅಲ್ಲ, ಆ ನಾನ್‌ಡೀಟೇಲ್ ಜೊತೆ.

1843ರಲ್ಲಿ ಕಾರ್ಖಾನೆಗಳಲ್ಲಿ ದುಡಿಯುವ ಮಕ್ಕಳ ಬಗ್ಗೆ ಸರ್ಕಾರಿ ವರದಿಯೊಂದು ಬಂತು. ಅದನ್ನು ಓದಿ ಡಿಕನ್ಸ್‌ಗೆ ಮೈ ಉರಿದುಹೋಯಿತು. ಹನ್ನೆರಡನೇ ವಯಸ್ಸಿನಲ್ಲಿ, ಅಪ್ಪ ಸಾಲಕ್ಕಾಗಿ ಜೈಲಿನಲ್ಲಿದ್ದಾಗ, ಬೂಟ್ ಪಾಲಿಶ್ ಡಬ್ಬಿಗೆ ಲೇಬಲ್ ಅಂಟಿಸಿದ ಹುಡುಗ ಅವನು. ಮೊದಲು ಕರಪತ್ರ ಬರೆಯೋಣ ಅಂದುಕೊಂಡ. ಆಮೇಲೆ, ಕಥೆಯ ಪೆಟ್ಟು ಇನ್ನೂ ಜೋರು ಅಂತ ಕಂಡುಕೊಂಡ. ಸುಮಾರು ಆರು ವಾರದಲ್ಲಿ ಬರೆದು ಮುಗಿಸಿದ. ಡಿಸೆಂಬರ್ 19ಕ್ಕೆ ಪುಸ್ತಕ ಹೊರಬಂತು. ಹಬ್ಬದ ಹಿಂದಿನ ದಿನಕ್ಕೆ 6,000 ಪ್ರತಿ ಖಾಲಿ.

ಸ್ಕ್ರೂಜ್ ಜಿಪುಣ, ಸರಿ. ಆದರೆ ಚಂದಾ ಕೇಳಲು ಬಂದವರಿಗೆ ಅವನು ಹೇಳೋದೇನು? ಜೈಲುಗಳಿಲ್ವಾ, ಬಡವರನ್ನು ದುಡಿಸೋ ವರ್ಕ್‌ಹೌಸ್‌ಗಳಿಲ್ವಾ, ಅವಕ್ಕೆ ನಾನೂ ದುಡ್ಡು ಕೊಡ್ತಿಲ್ವಾ? ಅಲ್ಲಿಗೆ ಹೋಗೋದಕ್ಕಿಂತ ಸಾಯೋದೇ ಮೇಲು ಅನ್ನುವವರು ಸಾಯಲಿ, ಹೆಚ್ಚಾಗಿರೋ ಜನಸಂಖ್ಯೆ ಇಳಿಯುತ್ತೆ! ಇದು ಅವನ ಸ್ವಂತ ಮಾತಲ್ಲ. ಜನ ಹೆಚ್ಚಾದರೆ ಆಹಾರ ಸಾಲದು ಅಂದ ಮಾಲ್ಥಸ್‌ನನ್ನು ಓದಿಕೊಂಡ, ನೆರವು ಕೇಳಿದವರನ್ನು ವರ್ಕ್‌ಹೌಸ್‌ಗೆ ಅಟ್ಟುವ 1834ರ ಬಡವರ ಕಾಯ್ದೆಯನ್ನು ಮೆಚ್ಚಿಕೊಂಡ ಮರ್ಯಾದಸ್ಥರ ಮಾತು. ಅದಕ್ಕೇ ಆ ಮಾತನ್ನು ದೆವ್ವದ ಬಾಯಲ್ಲಿ ಅವನಿಗೇ ತಿರುಗಿ ಹೇಳಿಸೋದು.

ಇನ್ನು ಬೇಕರಿ. ಲಂಡನ್ನಿನ ಬಡವರ ಮನೆಯಲ್ಲಿ ಓವನ್ ಎಲ್ಲಿತ್ತು? ಹಬ್ಬದ ಊಟವನ್ನು ಬೇಕರಿಗೆ ಒಯ್ದು, ಅಲ್ಲಿನ ಒಲೆಯಲ್ಲಿ ಬೇಯಿಸಿಕೊಂಡು ಬರುತ್ತಿದ್ದರು. ಕ್ರ್ಯಾಚಿಟ್ ಮನೆಯ ಹೆಬ್ಬಾತು ಬೆಂದದ್ದೂ ಹಾಗೇ. ಪುಡಿಂಗ್ ಬೆಂದದ್ದು ಬಟ್ಟೆ ಕುದಿಸುವ ಹಂಡೆಯಲ್ಲಿ; ಮುಚ್ಚಳ ತೆಗೆದರೆ ಒಗೆಯುವ ದಿನದ ವಾಸನೆ! 1830ರ ದಶಕದಲ್ಲಿ ಕೆಲವು ಧರ್ಮಭೀರು ಸಂಸದರು ಭಾನುವಾರ ಬೇಕರಿ ಬಾಗಿಲನ್ನೂ ಹಾಕಿಸಲು ಮಸೂದೆ ತಂದಿದ್ದರು. ವಾರಕ್ಕೊಂದು ಬಿಸಿ ಊಟ, ಅದಕ್ಕೂ ಕಲ್ಲು. ಡಿಕನ್ಸ್ 1836ರಲ್ಲೇ ಇದರ ವಿರುದ್ಧ ಬರೆದಿದ್ದ. ಕಥೆಯಲ್ಲೂ ಆ ಜಗಳ ಬರುತ್ತದೆ. ನಿನ್ನ ಹೆಸರಲ್ಲೇ ತಾನೇ ಬೇಕರಿ ಮುಚ್ಚಿಸೋದು ಅಂತ ಸ್ಕ್ರೂಜ್ ಕ್ರಿಸ್‌ಮಸ್ ಹಬ್ಬದ ದೆವ್ವವನ್ನು ಕೇಳುತ್ತಾನೆ. ನಮ್ಮ ಹೆಸರು ಹೇಳಿಕೊಂಡು ತಮ್ಮ ಹೊಟ್ಟೆಕಿಚ್ಚು ತೀರಿಸಿಕೊಳ್ಳುವವರಿದ್ದಾರೆ, ಅವರ ಪಾಪ ಅವರಿಗೇ ಅನ್ನುತ್ತದೆ ದೆವ್ವ.

ಇದೆಲ್ಲ ನಿಮ್ಮ ನಾನ್‌ಡೀಟೇಲ್‌ನಲ್ಲಿತ್ತಾ? ನಾನು ನೋಡಿದ ಒಂದರಲ್ಲಂತೂ ‘ಕುಟುಂಬದವರೆಲ್ಲ ಸಂತೋಷದಿಂದ ಊಟ ಮಾಡಿದರು’ ಅಂತ ಒಂದೇ ಸಾಲು. ದೆವ್ವದ ನಿಲುವಂಗಿಯ ಕೆಳಗಿಂದ ಅಜ್ಞಾನ, ಅಭಾವ ಅನ್ನೋ ಎರಡು ಬಡಕಲು ಮಕ್ಕಳು ಹೊರಬರುತ್ತಾರಲ್ಲ, ಅವರ ಸುಳಿವೇ ಇಲ್ಲ. ಇಡೀ ಪುಸ್ತಕ ಬರೆದದ್ದೇ ಆ ಇಬ್ಬರಿಗಾಗಿ!

ಮಕ್ಕಳಿಗೆ ಸುಲಭವಾಗಲಿ ಅಂತ ಕತ್ತರಿಸುತ್ತಾರಂತೆ. ಕತ್ತರಿ ಯಾವಾಗಲೂ ಸಿಟ್ಟಿನ ಮೇಲೆಯೇ ಯಾಕೆ ಬೀಳುತ್ತೆ? ಕಣ್ಣೀರು ಉಳಿಯುತ್ತೆ, ಕಾರಣ ಹೋಗುತ್ತೆ. ಮೂಲ ದೊಡ್ಡದೇನಲ್ಲ, ಒಂದು ಭಾನುವಾರಕ್ಕೆ ಮುಗಿಯುತ್ತದೆ. ಹಕ್ಕುಸ್ವಾಮ್ಯ ಎಂದೋ ಮುಗಿದಿದೆ, ಇಂಟರ್‌ನೆಟ್ಟಿನಲ್ಲಿ ಪುಕ್ಕಟೆ ಸಿಗುತ್ತದೆ. ಆದರೂ ಜನಕ್ಕೆ ಐದು ನಿಮಿಷದ ವಿಡಿಯೊ ಸಾಕು. ನಮ್ಮ ಕಚೇರಿಗೆ ಬರುವ ‘ವಿಶ್ವಸಾಹಿತ್ಯ ಪರಿಚಯ’ಗಳೂ ಅಷ್ಟೇ, ಸಾರಾಂಶ ಓದಿ ಬರೆದ ಸಾರಾಂಶ. ಈಚೆಗೆ ನಾನು ಅವನ್ನೆಲ್ಲ ಸುಮ್ನೆ ವಾಪಸ್ ಕಳಿಸುತ್ತಿದ್ದೇನೆ. ಬೈದುಕೊಳ್ಳುವವರು ಬೈದುಕೊಳ್ಳಲಿ.