ಧಾರಾವಾಹಿ ನಿಂತಿತು, ತಂಡ ಎಲ್ಲಿ ಹೋಯಿತು?

ಮೆಚ್ಚಿನ ಧಾರಾವಾಹಿಯೊಂದು ಕಥೆ ಮುಗಿಯುವ ಮೊದಲೇ ನಿಂತುಹೋದರೆ, ಅದರ ಕಲಾವಿದರನ್ನೂ ತಂತ್ರಜ್ಞರನ್ನೂ ಮುಂದೆ ಎಲ್ಲಿ ಹುಡುಕಬೇಕು ಎಂದು ಕೇಳಿದ ಪತ್ರಗಳನ್ನು ಈ ಬಾರಿ ಒಟ್ಟಿಗೆ ಎತ್ತಿಕೊಂಡಿದ್ದೇನೆ. ಪತ್ರಗಳನ್ನು ಸಂಕ್ಷೇಪಿಸಲಾಗಿದೆ.

ಪ್ರಶ್ನೆ: ಟಿ.ಎನ್. ಸೀತಾರಾಮ್ ಅವರ 'ಮಗಳು ಜಾನಕಿ' 2020ರ ಲಾಕ್‌ಡೌನ್ ದಿನಗಳಲ್ಲಿ ಅರ್ಧಕ್ಕೇ ನಿಂತ ಮೇಲೆ ನಮ್ಮ ಮನೆಯಲ್ಲಿ ಬೇರೆ ಯಾವ ಧಾರಾವಾಹಿಯೂ ಹಿಡಿಸುತ್ತಿಲ್ಲ. ಆ ತಂಡದವರ ಉಳಿದ ಕೆಲಸಗಳನ್ನಾದರೂ ನೋಡೋಣವೆಂದರೆ, ನಟನಟಿಯರ ಹೆಸರು ಬಿಟ್ಟು ನನಗೆ ಬೇರೇನೂ ತಿಳಿಯದು. ಎಲ್ಲಿಂದ ಆರಂಭಿಸಲಿ?
(ನಿವೃತ್ತ ಶಿಕ್ಷಕಿ, ಕಾಪು)

ಉತ್ತರ: ಆ ಧಾರಾವಾಹಿಯಲ್ಲಿ ನಿಮ್ಮನ್ನು ಹಿಡಿದು ಕೂರಿಸಿದ್ದು ಏನು ಎಂಬುದನ್ನು ಮೊದಲು ನಿಶ್ಚಯಿಸಿಕೊಳ್ಳಿ. ಜಾನಕಿಯ ಪಾತ್ರ ವಹಿಸಿದ ಗಾನವಿ ಲಕ್ಷ್ಮಣ್ ಅವರೇ ಎಂದಾದರೆ ದಾರಿ ಸುಲಭ. ಅವರು 2021ರಲ್ಲಿ 'ಹೀರೊ' ಚಿತ್ರದಲ್ಲಿ ನಮ್ಮ ಕುಂದಾಪುರ ಸೀಮೆಯ ಕೆರಾಡಿಯ ರಿಷಬ್ ಶೆಟ್ಟಿಯವರ ಜೊತೆಗೆ, ಮರುವರ್ಷ 'ವೇದ' ಚಿತ್ರದಲ್ಲಿ ಶಿವರಾಜಕುಮಾರ್ ಅವರ ಜೊತೆಗೆ ಅಭಿನಯಿಸಿದರು. ಆದರೆ ಆ ಎರಡು ಚಿತ್ರಗಳಲ್ಲಿ ಜಾನಕಿಯನ್ನು ಹುಡುಕಲು ಹೊರಟರೆ ನಿರಾಸೆ ಖಚಿತ. ಹೊಡೆದಾಟ, ನೆತ್ತರು ಧಾರಾಳವಾಗಿರುವ ಆ ಕಥೆಗಳಲ್ಲಿ ನಟಿಯ ಕಸುವು ಎಷ್ಟೆಂಬುದು ಕಾಣುತ್ತದೆಯೇ ಹೊರತು, ದಿನವೂ ರಾತ್ರಿ ನಿಮ್ಮನ್ನು ಟಿ.ವಿ.ಯ ಮುಂದೆ ಕೂರಿಸುತ್ತಿದ್ದ ಆ ಸಾವಧಾನದ ಮಾತುಕತೆ ಸಿಗುವುದಿಲ್ಲ.

ನೀವು ಕಳೆದುಕೊಂಡಿರುವುದು ಆ ಮಾತುಕತೆಯನ್ನೇ ಎಂದು ನನ್ನ ಊಹೆ. ವಕೀಲ ಸಿ.ಎಸ್.ಪಿ. ನ್ಯಾಯಾಲಯದಲ್ಲಿ ಎದ್ದು ನಿಂತು, ಸಾಕ್ಷಿಯನ್ನು ಒಂದಿಷ್ಟೂ ಗದರಿಸದೆ, ಒಂದು ಪ್ರಶ್ನೆಯಿಂದ ಇನ್ನೊಂದಕ್ಕೆ ನಿಧಾನವಾಗಿ ಹೆಜ್ಜೆ ಇಡುವ ದೃಶ್ಯಗಳು ನೆನಪಿರಬೇಕು. ಆ ಪಾತ್ರವನ್ನು ಮಾಡಿದವರೂ ಸೀತಾರಾಮ್ ಅವರೇ. ಹಾಗಿರುವಾಗ ಹಿಂಬಾಲಿಸಬೇಕಾದದ್ದು ನಾಯಕಿಯನ್ನಲ್ಲ, ಬರೆದವರನ್ನು. ದೂರದರ್ಶನದ 'ಮಾಯಾಮೃಗ'ವನ್ನು ಸೀತಾರಾಮ್, ಪಿ. ಶೇಷಾದ್ರಿ ಮತ್ತು ನಾಗೇಂದ್ರ ಶಾ ಸೇರಿ ನಿರ್ದೇಶಿಸಿದ್ದರು. ಅದೇ ಮೂವರು 2022ರಲ್ಲಿ ಸಿರಿ ಕನ್ನಡ ವಾಹಿನಿಗಾಗಿ 'ಮತ್ತೆ ಮಾಯಾಮೃಗ' ತಂದರು. ದೊಡ್ಡ ವಾಹಿನಿಗಳನ್ನಷ್ಟೇ ತಿರುವಿ ನೋಡುವವರಿಗೆ ಅದು ಬಂದದ್ದೇ ಗೊತ್ತಾಗಲಿಲ್ಲ. ಶೇಷಾದ್ರಿಯವರ ಜಾಡು ಹಿಡಿದರೆ 'ಬೆಟ್ಟದ ಜೀವ' ಮತ್ತು 'ಮೂಕಜ್ಜಿಯ ಕನಸುಗಳು' ಚಿತ್ರಗಳಿಗೆ, ಅಂದರೆ ನಮ್ಮ ಕೋಟದ ಕಾರಂತರ ಬಳಿಗೇ ಬಂದು ಮುಟ್ಟುತ್ತೀರಿ.

ಹೆಸರುಗಳನ್ನು ತಿಳಿಯುವ ಬಗೆಯನ್ನೂ ಹೇಳುತ್ತೇನೆ. ಶೀರ್ಷಿಕೆ ಗೀತೆಯ ಹಿಂದುಮುಂದೆ ಸರಸರನೆ ಸರಿಯುವ ಅಕ್ಷರಗಳಲ್ಲಿ ಕಥೆ, ಚಿತ್ರಕಥೆ, ಸಂಭಾಷಣೆ, ಸಂಚಿಕೆ ನಿರ್ದೇಶನ, ಛಾಯಾಗ್ರಹಣ, ಸಂಕಲನ ಎಂದು ಬೇರೆ ಬೇರೆ ಹೆಸರುಗಳಿರುತ್ತವೆ. ಮೊಬೈಲಿನಲ್ಲಿ ನೋಡುವವರು 'ಸ್ಕಿಪ್ ಇಂಟ್ರೊ' ಒತ್ತಿ ಅದನ್ನು ಹಾರಿಸಿಬಿಡುತ್ತಾರೆ. ಒಂದು ದಿನ ಅಲ್ಲಿ ನಿಲ್ಲಿಸಿ, ಸಂಭಾಷಣೆ ಮತ್ತು ಸಂಚಿಕೆ ನಿರ್ದೇಶನದ ಎದುರಿನ ಹೆಸರುಗಳನ್ನು ಬರೆದಿಟ್ಟುಕೊಳ್ಳಿ. ಕಂಠದಾನದ ಹೆಸರಿದ್ದರೆ ಅದನ್ನೂ ಬಿಡಬೇಡಿ. ನೀವು ಮೆಚ್ಚಿದ ದನಿ ನೀವು ಮೆಚ್ಚಿದ ಮುಖದ್ದೇ ಆಗಿರಬೇಕೆಂದಿಲ್ಲ.

ನಮ್ಮ ಕಡೆಯ ಯಕ್ಷಗಾನ ಪ್ರಿಯರಿಗೆ ಇದು ಹೊಸ ಪಾಠವೂ ಅಲ್ಲ. ತಿರುಗಾಟದ ಕೊನೆಯ ದಿನವಾದ ಪತ್ತನಾಜೆ ಕಳೆದು ಮೇಳಗಳು ಗೆಜ್ಜೆ ಬಿಚ್ಚಿದೊಡನೆ, ಮುಂದಿನ ತಿರುಗಾಟಕ್ಕೆ ಆ ಭಾಗವತರು ಯಾವ ಮೇಳ, ಅವರ ಜೊತೆ ಮದ್ದಳೆಗೆ ಯಾರು ಎಂಬ ವಿಚಾರಣೆ ಶುರುವಾಗುತ್ತದೆ. ವೇಷಧಾರಿ ಯಾರೆಂದು ಕೇಳುವಷ್ಟೇ ಆಸ್ಥೆಯಿಂದ ಹಿಮ್ಮೇಳವನ್ನೂ ಕೇಳುವ ಊರಿನವರು ನಾವು.

ಪ್ರಶ್ನೆ: ಚೆನ್ನಾಗಿ ಹೋಗುತ್ತಿದ್ದ ಧಾರಾವಾಹಿ ಏಕೆ ಏಕಾಏಕಿ ನಿಲ್ಲುತ್ತದೆ? ಅದೇ ತಂಡ ಬೇರೆ ವಾಹಿನಿಗೆ ಹೋಗಿ ಅದೇ ಕಥೆಯನ್ನು ಮುಂದುವರಿಸಬಾರದೇ?
(ಓದುಗರೊಬ್ಬರು, ಬ್ರಹ್ಮಾವರ)

ಉತ್ತರ: ನಿಮ್ಮ ಮನೆಯಲ್ಲಿ ಚೆನ್ನಾಗಿ ಹೋಗುತ್ತಿತ್ತು ಎಂಬುದು ಲೆಕ್ಕಕ್ಕೆ ಬರುವುದು, ನಿಮ್ಮ ಮನೆಯಲ್ಲಿ, ಯಾರು ಏನು ನೋಡುತ್ತಾರೆಂದು ಅಳೆಯುವ ಬಾರ್ಕ್ ಸಂಸ್ಥೆಯ ಮಾಪಕ ಪೆಟ್ಟಿಗೆ ಇದ್ದಾಗ ಮಾತ್ರ. ಆ ಸಂಸ್ಥೆ ಗುರುವಾರ ಹೊರಡಿಸುವ ಟಿ.ಆರ್.ಪಿ. ಅಂಕಿಗಳನ್ನು ನೋಡಿ ಜಾಹೀರಾತಿನ ದರ ನಿಗದಿಯಾಗುತ್ತದೆ. ದರ ಕುಸಿದರೆ ಮೊದಲು ಪ್ರಸಾರದ ವೇಳೆ ಬದಲಾಗುತ್ತದೆ, ಆಮೇಲೆ 'ಅಂತಿಮ ಸಂಚಿಕೆಗಳು' ಎಂಬ ಪ್ರೋಮೊ ಬರುತ್ತದೆ. ರಾತ್ರಿ ಒಂಬತ್ತರ ಧಾರಾವಾಹಿ ಇದ್ದಕ್ಕಿದ್ದಂತೆ ಸಂಜೆ ಐದೂವರೆಗೆ ಸರಿದರೆ ಮುಂದಿನದನ್ನು ಯಾರೂ ಹೇಳಬೇಕಾಗಿಲ್ಲ. 2020ರಲ್ಲಿ ಇದರ ಜೊತೆಗೆ ಚಿತ್ರೀಕರಣವೇ ನಿಂತಿತು, ಜಾಹೀರಾತು ಬತ್ತಿತು. ಹಾಗಾಗಿ ಅನೇಕ ಕಥೆಗಳು ಅಲ್ಲಲ್ಲೇ ಕಡಿದುಹೋದವು.

ಕಥೆಯ ಹಕ್ಕು ಸಾಮಾನ್ಯವಾಗಿ ಹಣ ಹೂಡಿದ ವಾಹಿನಿಯಲ್ಲಿ ಉಳಿಯುತ್ತದೆ. ಪಾತ್ರದ ಹೆಸರನ್ನಾಗಲಿ ಶೀರ್ಷಿಕೆಯನ್ನಾಗಲಿ ಹೊತ್ತುಕೊಂಡು ಎದುರು ಮನೆಗೆ ಹೋಗುವಂತಿಲ್ಲ. ತಂಡ ಹೋಗಬಹುದು, ಕಥೆ ಹೋಗದು.

ಪ್ರಶ್ನೆ: ಹಾಸ್ಟೆಲಿನ ಗೆಳತಿಯರು ತೋರಿಸಿದ 'ಫೈರ್‌ಫ್ಲೈ' ಎಂಬ ಹಳೆಯ ಅಮೆರಿಕನ್ ಸರಣಿ ಬಹಳ ಹಿಡಿಸಿತು, ಆದರೆ ಒಂದೇ ಸೀಸನ್‌ಗೆ ಮುಗಿದುಹೋಯಿತು. ಅದರ ತಂಡದವರು ಆಮೇಲೆ ಮಾಡಿದ್ದನ್ನೆಲ್ಲ ನೋಡಬೇಕೆಂದಿದ್ದೇನೆ. ನಾಯಕನಿಂದ ಶುರು ಮಾಡಿದರೆ ಸರಿಯೇ?
(ವಿದ್ಯಾರ್ಥಿನಿ, ಮಣಿಪಾಲ)

ಉತ್ತರ: ಶುರು ಮಾಡಿ, ಆದರೆ ಅಲ್ಲೇ ನಿಲ್ಲಬೇಡಿ. ಗೊತ್ತಿಲ್ಲದ ಓದುಗರಿಗಾಗಿ ಎರಡು ಮಾತು: ಜಾಸ್ ವೀಡನ್ ರೂಪಿಸಿದ ಈ ಬಾಹ್ಯಾಕಾಶ ಕಥೆಯನ್ನು ಫಾಕ್ಸ್ ವಾಹಿನಿ 2002ರ ಸೆಪ್ಟೆಂಬರಿನಲ್ಲಿ ಆರಂಭಿಸಿ ಡಿಸೆಂಬರಿನಲ್ಲಿ ನಿಲ್ಲಿಸಿತು. ತಯಾರಾಗಿದ್ದ 14 ಸಂಚಿಕೆಗಳಲ್ಲಿ ಆಗ ಪ್ರಸಾರವಾದದ್ದು 11. ಅವೂ ಹಿಂದುಮುಂದಾಗಿ, ಎಲ್ಲರ ಪರಿಚಯ ಮಾಡಿಕೊಡಬೇಕಾದ ಮೊದಲ ಸಂಚಿಕೆ ಕೊನೆಗೆ ಬಂತು. ಡಿವಿಡಿಯಲ್ಲಿ ಸರಿಯಾದ ಕ್ರಮದಲ್ಲಿ ನೋಡಿದವರೇ ಅದರ ನಿಜವಾದ ಅಭಿಮಾನಿಗಳಾದರು, 2005ರಲ್ಲಿ 'ಸೆರೆನಿಟಿ' ಎಂಬ ಚಲನಚಿತ್ರವೂ ಬಂತು.

ನಾಯಕ ನೇಥನ್ ಫಿಲಿಯನ್ 2009ರಿಂದ 2016ರವರೆಗೆ 'ಕ್ಯಾಸಲ್' ಸರಣಿಯಲ್ಲಿ ಪತ್ತೇದಾರಿ ಕಾದಂಬರಿಕಾರರಾಗಿದ್ದರು, 2018ರಿಂದ 'ದಿ ರೂಕಿ'ಯಲ್ಲಿ ನಡುವಯಸ್ಸಿನಲ್ಲಿ ಪೊಲೀಸ್ ಕೆಲಸಕ್ಕೆ ಸೇರಿದವರಾಗಿದ್ದಾರೆ. 'ಕ್ಯಾಸಲ್'ನ ಎರಡನೆಯ ಸೀಸನ್ನಿನ ಹ್ಯಾಲೋವೀನ್ ಸಂಚಿಕೆಯೊಂದರಲ್ಲಿ ಅವರು 'ಫೈರ್‌ಫ್ಲೈ'ಯ ಹಳೆಯ ಕಂದು ಕೋಟು ತೊಟ್ಟು ಕೋಣೆಯಿಂದ ಹೊರಬರುತ್ತಾರೆ. ಮಗಳು ಅದನ್ನು ಕಂಡು ಹಳೆಯದಾಯಿತಲ್ಲ ಎಂಬಂತೆ ಛೇಡಿಸುತ್ತಾಳೆ. ನಿಂತುಹೋದ ಸರಣಿಯ ವೀಕ್ಷಕರಿಗೆ ಹೊಸ ಸರಣಿ ಕೊಡಬಹುದಾದ ಉಡುಗೊರೆ ಅಷ್ಟೇ ದೊಡ್ಡದು, ಅಷ್ಟು ಸಾಕು ಕೂಡ. ಜೀನಾ ಟಾರೆಸ್ 'ಸೂಟ್ಸ್'ನಲ್ಲಿ ವಕೀಲರ ಸಂಸ್ಥೆಯ ಒಡತಿ, ಜ್ಯುವೆಲ್ ಸ್ಟೇಟ್ 'ಸ್ಟಾರ್‌ಗೇಟ್ ಅಟ್ಲಾಂಟಿಸ್'ನಲ್ಲಿ ವೈದ್ಯೆ. ಇವೆಲ್ಲ ಹುಡುಕಿದೊಡನೆ ಸಿಗುತ್ತವೆ.

ನಿಮಗೆ ರುಚಿಸಿದ್ದು ಆ ಹಡಗಿನ ಮಂದಿಯ ಮಾತಿನ ವರಸೆಯಾದರೆ ಬರಹಗಾರರ ಬೆನ್ನು ಹತ್ತಿ. ಬೆನ್ ಎಡ್ಲಂಡ್ 'ಸೂಪರ್‌ನ್ಯಾಚುರಲ್'ಗೆ ಹೋದರು. ಜೇನ್ ಎಸ್ಪೆನ್‌ಸನ್ 'ಬ್ಯಾಟಲ್‌ಸ್ಟಾರ್ ಗ್ಯಾಲಾಕ್ಟಿಕಾ'ಕ್ಕೆ ಬರೆದರು. ಟಿಮ್ ಮಿನಿಯರ್ ಅವರನ್ನು ಆಗಲೇ ಹಿಂಬಾಲಿಸಿದವರ ಪಾಡು ಮಾತ್ರ ಯಾರಿಗೂ ಬೇಡ: 2004ರ 'ವಂಡರ್‌ಫಾಲ್ಸ್' ನಾಲ್ಕು ಸಂಚಿಕೆಗೆ ಪ್ರಸಾರದಿಂದ ಇಳಿಯಿತು, 2007ರಲ್ಲಿ ಅದೇ ಫಿಲಿಯನ್ ನಾಯಕರಾಗಿದ್ದ 'ಡ್ರೈವ್' ಕೂಡ ನಾಲ್ಕಕ್ಕೇ ಮುಗಿಯಿತು. ತಾಳ್ಮೆಯಿಂದ ಕಾದವರಿಗೆ 2018ರಲ್ಲಿ ಅವರು ಸಹ-ಸೃಷ್ಟಿಕರ್ತರಾಗಿದ್ದ '9-1-1' ಬಂತು, ಅದು ವರ್ಷಾನುಗಟ್ಟಲೆ ನಡೆಯಿತು. ಪಿಟೀಲು, ಗಿಟಾರುಗಳ ಆ ಹಿನ್ನೆಲೆ ಸಂಗೀತ ಕೊಟ್ಟ ಗ್ರೆಗ್ ಎಡ್ಮನ್‌ಸನ್ ಅವರನ್ನು ಕೇಳಬೇಕಿದ್ದರೆ 'ಅನ್‌ಚಾರ್ಟೆಡ್' ವಿಡಿಯೊ ಗೇಮಿಗೆ ಹೋಗಬೇಕು, ಟಿ.ವಿ. ಬಿಟ್ಟು ಅಲ್ಲಿ ಹುಡುಕಬಹುದೆಂದು ಸಾಮಾನ್ಯವಾಗಿ ಯಾರಿಗೂ ಹೊಳೆಯುವುದಿಲ್ಲ.

ಗ್ರಾಫಿಕ್ಸ್ ಮಾಡಿದ ಝೋಯಿಕ್ ಸ್ಟುಡಿಯೋಸ್‌ನವರದು ಇನ್ನೂ ಸೊಗಸು. 2003ರಲ್ಲಿ ಅವರಿಗೆ 'ಬ್ಯಾಟಲ್‌ಸ್ಟಾರ್ ಗ್ಯಾಲಾಕ್ಟಿಕಾ'ದ ಕೆಲಸ ಸಿಕ್ಕಿತು. ಅದರಲ್ಲಿ ನಗರವೊಂದರ ಆಕಾಶ ಕಾಣುವ ದೃಶ್ಯದಲ್ಲಿ, ಕಿಟಕಿಯಾಚೆ, 'ಫೈರ್‌ಫ್ಲೈ'ಯ ಹಡಗು ಕ್ಷಣಕಾಲ ಹಾದುಹೋಗುತ್ತದೆ. ಕಣ್ಣು ಮಿಟುಕಿಸಿದರೆ ತಪ್ಪಿಹೋಗುತ್ತದೆ, ವಿರಾಮದ ಗುಂಡಿಯ ಮೇಲೆ ಬೆರಳಿಟ್ಟು ನೋಡಿ.

ಕೊನೆಗೆ 2015ರ 'ಕಾನ್ ಮ್ಯಾನ್' ನೋಡಿ. ಹಡಗಿನ ಚಾಲಕನಾಗಿದ್ದ ಅಲನ್ ಟುಡಿಕ್ ಅಭಿಮಾನಿಗಳಿಂದಲೇ 30 ಲಕ್ಷ ಡಾಲರಿಗೂ ಹೆಚ್ಚು ವಂತಿಗೆ ಎತ್ತಿ ಮಾಡಿದ ಹಾಸ್ಯ ಸರಣಿ ಅದು. ರದ್ದಾದ ಸರಣಿಯೊಂದರ ನಟ ಸಮ್ಮೇಳನದಿಂದ ಸಮ್ಮೇಳನಕ್ಕೆ ಅಲೆಯುತ್ತಿರುವಾಗ, ಅವನ ಜೊತೆಗಾರ ದೊಡ್ಡ ತಾರೆಯಾಗಿ ಮೆರೆಯುತ್ತಿರುತ್ತಾನೆ. ಆ ತಾರೆಯ ಪಾತ್ರ ಫಿಲಿಯನ್‌ರದು. ತಂಡದ ಬೆನ್ನು ಬೀಳುವ ನಿಮ್ಮಂಥವರನ್ನೂ ಅದರಲ್ಲಿ ಪ್ರೀತಿಯಿಂದಲೇ ಗೇಲಿ ಮಾಡಿದ್ದಾರೆ.

ಪ್ರಶ್ನೆ: ನಿಂತ ಧಾರಾವಾಹಿಯನ್ನು ಮರಳಿ ಆರಂಭಿಸುವಂತೆ ನಾವು ಕೆಲವರು ಸಹಿ ಸಂಗ್ರಹ ಮಾಡುತ್ತಿದ್ದೇವೆ. ಫಲ ಸಿಕ್ಕೀತೇ?
(ಓದುಗರೊಬ್ಬರು, ಬಿಜೈ, ಮಂಗಳೂರು)

ಉತ್ತರ: ಹೊರದೇಶದಲ್ಲಿ ಫಲ ಸಿಕ್ಕ ಉದಾಹರಣೆಗಳಿವೆ. 2007ರಲ್ಲಿ 'ಜೆರಿಕೊ' ಸರಣಿ ರದ್ದಾದಾಗ, ಕೊನೆಯ ಸಂಚಿಕೆಯಲ್ಲಿ ಬಂದ 'ನಟ್ಸ್' ಎಂಬ ಮಾತನ್ನು ಹಿಡಿದು ವೀಕ್ಷಕರು ಸಿ.ಬಿ.ಎಸ್. ವಾಹಿನಿಯ ಕಚೇರಿಗೆ ನೆಲಗಡಲೆ ಕಳುಹಿಸತೊಡಗಿದರು; ಒಟ್ಟು 20 ಟನ್ನಿಗೂ ಹೆಚ್ಚು. ವಾಹಿನಿ ಮಣಿದು ಇನ್ನೂ ಏಳು ಸಂಚಿಕೆ ಮಾಡಿಸಿತು, ಆಮೇಲೆ ಮತ್ತೆ ನಿಲ್ಲಿಸಿತು. (ನಮ್ಮೂರಿನವರು ಗೇರುಬೀಜ ಕಳುಹಿಸುತ್ತಿದ್ದರೇನೋ, ಈಗಿನ ದರದಲ್ಲಿ ಒಂದು ಟನ್ನಿಗೇ ಸುಸ್ತಾಗುತ್ತಿದ್ದರು.) 'ಬ್ರೂಕ್ಲಿನ್ ನೈನ್-ನೈನ್' 2018ರ ಮೇ ತಿಂಗಳಲ್ಲಿ ಒಂದು ವಾಹಿನಿಯಲ್ಲಿ ರದ್ದಾಗಿ ಮರುದಿನವೇ ಇನ್ನೊಂದಕ್ಕೆ ಹೋಯಿತು. 2007ರಲ್ಲಿ ನಿಂತ 'ವೆರೋನಿಕಾ ಮಾರ್ಸ್'ಗೆ 2013ರಲ್ಲಿ ಅಭಿಮಾನಿಗಳು ಸುಮಾರು 57 ಲಕ್ಷ ಡಾಲರ್ ಕೂಡಿಸಿದರು, ಮರುವರ್ಷ ಚಲನಚಿತ್ರವಾಯಿತು.

ಇಲ್ಲಿ ಅದು ಕಷ್ಟ ಎಂದೇ ಹೇಳುತ್ತೇನೆ. ಅಲ್ಲಿ ವರ್ಷಕ್ಕೆ ಹದಿಮೂರೋ ಇಪ್ಪತ್ತೆರಡೋ ಸಂಚಿಕೆ. ಸೀಸನ್ನುಗಳ ನಡುವೆ ಬಿಡುವಿರುವುದರಿಂದ ತಂಡವನ್ನು ಮತ್ತೆ ಕೂಡಿಸಬಹುದು. ನಮ್ಮದು ದಿನದಿನದ ಧಾರಾವಾಹಿ. ನಿಂತ ಕೂಡಲೇ ಬಾಡಿಗೆ ಮನೆಯ ಸೆಟ್ ಖಾಲಿಯಾಗುತ್ತದೆ, ದಿನಗೂಲಿಯ ಲೈಟ್‌ಬಾಯ್‌ಯಿಂದ ಹಿಡಿದು ಛಾಯಾಗ್ರಾಹಕರವರೆಗೆ ಎಲ್ಲರೂ ಬೇರೆ ಕೆಲಸ ಹಿಡಿಯಲೇಬೇಕು. ನಿಮ್ಮ ಸಹಿ ಸಂಗ್ರಹ ಮುಗಿಯುವಷ್ಟರಲ್ಲಿ ಅತ್ತೆಯ ಪಾತ್ರಧಾರಿ ಮತ್ತೊಂದು ವಾಹಿನಿಯಲ್ಲಿ ಅಜ್ಜಿಯಾಗಿರುತ್ತಾರೆ. ಸಹಿ ಹಾಕಿದವರೆಲ್ಲ ಆ ಹೊಸ ಕೆಲಸದ ಮೊದಲ ವಾರಗಳನ್ನು ತಪ್ಪದೆ ನೋಡಿದರೆ ತಂಡಕ್ಕೆ ಹೆಚ್ಚಿನ ಉಪಕಾರವಾದೀತು.

ಪ್ರಶ್ನೆ: ನಮ್ಮ ಕರಾವಳಿಯವರೇ ಮಾಡಿದ ಕೆಲಸಗಳಲ್ಲಿ ಹೀಗೆ ಹಿಂಬಾಲಿಸಲು ತಕ್ಕದ್ದು ಯಾವುದಾದರೂ ಇದೆಯೇ?
(ಓದುಗರೊಬ್ಬರು, ಉಡುಪಿ)

ಉತ್ತರ: ಇದೆ. ಉಡುಪಿಯ ರಕ್ಷಿತ್ ಶೆಟ್ಟಿಯವರ ಪರಂವಃ ಸಂಸ್ಥೆ ನಿರ್ಮಾಣದಲ್ಲಿ ಕೈಜೋಡಿಸಿದ, ಏಳು ಬಿಡಿ ಕಥೆಗಳ 'ಏಕಂ' ಸರಣಿ. ಇದು ರದ್ದಾದದ್ದಲ್ಲ, ಆದರೆ ಕೊಳ್ಳುವ ಓಟಿಟಿ ಸಿಗದೆ ಬಹುಕಾಲ ಪೆಟ್ಟಿಗೆಯಲ್ಲೇ ಉಳಿದಿತ್ತು. ಕೊನೆಗೆ 2024ರ ಜುಲೈಯಲ್ಲಿ ಸ್ವಂತ ಜಾಲತಾಣದಲ್ಲೇ ಬಿಡುಗಡೆ ಮಾಡಿದರು. ಅದರ ರೂವಾರಿಗಳಲ್ಲಿ ಒಬ್ಬರಾದ ಸುಮಂತ್ ಭಟ್ ನಿರ್ದೇಶಿಸಿದ 'ಮಿಥ್ಯ' ಚಿತ್ರ 2025ರಲ್ಲಿ ಚಿತ್ರಮಂದಿರಕ್ಕೆ ಬಂತು. ತಂದೆತಾಯಿಯನ್ನು ಕಳೆದುಕೊಂಡ ಹುಡುಗನೊಬ್ಬ ನಮ್ಮ ಕಡೆಯ ಮನೆಗೆ ಬಂದು ಸೇರುವ ಕಥೆ. ಎರಡನ್ನೂ ಒಂದರ ಹಿಂದೆ ಒಂದು ನೋಡಿದರೆ, ಹೇಳದೆ ಬಿಟ್ಟ ಮಾತಿಗೆ ಅಲ್ಲಿ ಎಷ್ಟು ಜಾಗ ಕೊಟ್ಟಿದ್ದಾರೆ ಎಂಬುದು ಹೊಳೆಯುತ್ತದೆ. ಒಬ್ಬ ನಿರ್ದೇಶಕನ ಗುರುತು ಹತ್ತುವುದು ಹೀಗೆ.

ಪ್ರಶ್ನೆ: ನಿಂತುಹೋದ ಧಾರಾವಾಹಿಯ ನಟರೊಬ್ಬರು ಸಂಬಂಧಿಕರ ಮದುವೆಯಲ್ಲಿ ಸಿಗಲಿದ್ದಾರೆ. ಧಾರಾವಾಹಿ ಏಕೆ ನಿಂತಿತೆಂದು ಕೇಳಬಹುದೇ?
(ಓದುಗರೊಬ್ಬರು, ಸುರತ್ಕಲ್)

ಉತ್ತರ: ಬೇಡ. ಅವರಿಗೆ ಗೊತ್ತಿರಲಿಕ್ಕಿಲ್ಲ, ಗೊತ್ತಿದ್ದರೂ ಒಪ್ಪಂದ ಬಾಯಿ ಕಟ್ಟಿರಬಹುದು, ಮೇಲಾಗಿ ಅಂದು ಅವರ ಮನೆಯ ಅನ್ನ ಹೋದ ವಿಷಯ ಅದು. ಪಾತ್ರದ ಹೆಸರು ಹಿಡಿದು ಕೂಗದೆ ಅವರ ಹೆಸರಿನಿಂದಲೇ ಮಾತನಾಡಿಸಿ, ಈಗ ಏನು ಮಾಡುತ್ತಿದ್ದೀರಿ ಎಂದು ಕೇಳಿ. ಧಾರಾವಾಹಿ ಕಲಾವಿದರಲ್ಲಿ ಅನೇಕರು ರಂಗಭೂಮಿಯಿಂದ ಬಂದವರು, ಬಿಡುವಾದಾಗ ನಾಟಕಕ್ಕೆ ಮರಳುವವರು. ಉಡುಪಿಯ ಎಂ.ಜಿ.ಎಂ. ಕಾಲೇಜಿನ ಮುದ್ದಣ ಮಂಟಪದಲ್ಲಿ ನಡೆಯುವ ರಂಗಭೂಮಿ ಸಂಸ್ಥೆಯ ನಾಟಕ ಸ್ಪರ್ಧೆಗೋ ಮಂಗಳೂರಿನ ಪುರಭವನಕ್ಕೋ ಅವರ ತಂಡ ಬರುವುದಿದೆಯೇ ಎಂದು ವಿಚಾರಿಸಿ. ಬರುವುದಾದರೆ ದಿನಾಂಕ ಕೇಳಿಕೊಂಡು, ಮದುವೆಗೆ ಬಂದ ನಿಮ್ಮ ನೆಂಟರಿಗೂ ತಿಳಿಸಿಬಿಡಿ.